ವಾಸಸಂಕಲ್ಪ

ಈ ದೇಶದ ಗೃಹಸ್ಥನು ಯಾವ ಕರ್ಮವನ್ನು ಆರಂಭಿಸುವುದಾದರೂ ಮೊದಲು ತಾನು ನಿಂತಿರುವ ಸ್ಥಳವನ್ನು ಹೇಳಿಕೊಳ್ಳುತ್ತಾನೆ. ಜಂಬೂದ್ವೀಪ, ಭರತವರ್ಷ, ಭರತಖಂಡ, ದಂಡಕಾರಣ್ಯ, ಗೋದಾವರಿಯ ದಕ್ಷಿಣತೀರ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿದು ಬಂದು, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳನ್ನು ಉಚ್ಚರಿಸಿ, ಕಡೆಗೆ ‘ಕರಿಷ್ಯೇ’ ಎಂದು ನೀರು ಬಿಡುತ್ತಾನೆ. ಇದಕ್ಕೆ ಸಂಕಲ್ಪವೆಂದು ಹೆಸರು. ಯಜ್ಞಗಳು ಹುಟ್ಟುವುದು ಸಂಕಲ್ಪದಿಂದಲೇ ಎಂದು ಮನುವು ತನ್ನ ಎರಡನೆಯ ಅಧ್ಯಾಯದ ಮೊದಲಲ್ಲಿಯೇ ಹೇಳಿದ್ದಾನೆ. ಮಾಡುವೆನೆಂಬ ಮಾತಿಗೆ ಕಾಲೂರಲು ಒಂದು ನೆಲ ಬೇಕು; ಆ ನೆಲ ಯಾವುದೆಂದು ಮಾಡುವವನಿಗೆ ತಿಳಿದಿರಬೇಕು ಎಂಬುದು ಇದರ ಅಭಿಪ್ರಾಯ.

ಕಡಲಾಚೆ ನೆಲೆಸಿದ ಪುರೋಹಿತರಿಗೆ ಇಲ್ಲಿ ಒಂದು ತೊಡಕುಂಟು. ಅಮೆರಿಕದ ದೇವಾಲಯಗಳಲ್ಲಿ ಕೆಲವರು ಜಂಬೂದ್ವೀಪವನ್ನು ಬಿಟ್ಟು ಕ್ರೌಂಚದ್ವೀಪವೆಂದು ಹೇಳುವ ರೂಢಿಯನ್ನು ಮಾಡಿಕೊಂಡಿದ್ದಾರೆ. ಪುರಾಣಗಳ ಭೂಗೋಳದಲ್ಲಿ ಆ ಖಂಡಕ್ಕೆ ಆ ಹೆಸರು ಸಲ್ಲುವುದೋ ಇಲ್ಲವೋ, ಅದು ಪಂಡಿತರ ಚರ್ಚೆಗೆ ಬಿಟ್ಟದ್ದು. ಮೆಚ್ಚತಕ್ಕದ್ದು ಅವರ ಶ್ರದ್ಧೆ. ಮಿಸಿಸಿಪ್ಪಿಯ ದಡದಲ್ಲಿ ನಿಂತು ಗೋದಾವರಿಯ ತೀರವೆನ್ನಲು ಅವರ ನಾಲಗೆ ಒಪ್ಪಲಿಲ್ಲ.

ಈ ಪೀಠಿಕೆಗೆ ಕಾರಣವುಂಟು. ಇಂದು ಕನ್ನಡನಾಡಿನ ಎಷ್ಟೋ ವಿದ್ಯಾವಂತ ಕುಟುಂಬಗಳಲ್ಲಿ ಇಂತಹುದೇ ಒಂದು ಸಂಕಲ್ಪದ ಪ್ರಶ್ನೆಯು, ಪುರೋಹಿತರ ಬಾಯಿಂದಲ್ಲ, ಒಂದು ಸರ್ಕಾರದ ನಮೂನೆಯಿಂದ ಏಳುತ್ತಿದೆ. ಉದಾಹರಣೆಗಾಗಿ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಆತನು ಮೈಸೂರು ಸೀಮೆಯಲ್ಲಿ ಹುಟ್ಟಿ, ವಿದ್ಯಾರ್ಥಿಯಾಗಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಹೋಗಿ, ಅಲ್ಲಿಯೇ ಉದ್ಯೋಗ ಹಿಡಿದು, ಕಾಲಕ್ರಮದಲ್ಲಿ ಆ ದೇಶದ ಪೌರನಾದನು. ಭಾರತದ ಶಾಸನವು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾದ್ದರಿಂದ ಹುಟ್ಟಿದ ದೇಶದ ಪೌರತ್ವವು ಅಂದಿಗೇ ತಪ್ಪಿತು. ಅನಂತರ ತಂದೆ ತೀರಿಹೋದರು. ಆತನು ಬೆಂಗಳೂರಿಗೆ ಹಿಂದಿರುಗಿ, ಸಾಗರೋತ್ತರ ಭಾರತೀಯನೆಂಬ ಚೀಟಿಯನ್ನು ಪಡೆದು, ತಾಯಿಯೊಡನೆ ಮನೆಮಾಡಿ, ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬಾಕೆಯನ್ನು ವಿವಾಹವಾದನು. ಈಗ ಆ ಪತ್ನಿಗಾಗಿ ಅಮೆರಿಕದ ವಲಸೆ ವೀಸಾವನ್ನು ಬೇಡಲು ಹೊರಟಿದ್ದಾನೆ. ನಮೂನೆಯ ದೃಷ್ಟಿಯಲ್ಲಿ ಆತನು ವಿದೇಶವಾಸಿಯಾದ ಪೌರನು. ತಾಯಿ ದಿನವೂ ದೀಪ ಹಚ್ಚುವ ಮನೆಯ ವಿಳಾಸವನ್ನು ವಿದೇಶದ ವಿಳಾಸವೆಂದು ಬರೆಯುವಾಗ ಆತನ ಕೈ ಒಂದು ಕ್ಷಣ ತಡೆದರೆ ಆಶ್ಚರ್ಯವಿಲ್ಲ.

ವಿಧಾನವು ಹೀಗಿದೆ. ಐ-130 ಎಂಬ ಮನವಿಯಲ್ಲಿ ಪೌರನು, ಈಕೆ ತನ್ನ ಧರ್ಮಪತ್ನಿಯೆಂದು ಸರ್ಕಾರಕ್ಕೆ ನಿವೇದಿಸಬೇಕು. ಪೌರರ ಪತಿಪತ್ನಿಯರಿಗೆ ವರ್ಷಕ್ಕೆ ಇಷ್ಟೇ ಮಂದಿ ಎಂಬ ಮಿತಿಯಿಲ್ಲ. ಇತರ ಬಂಧುಗಳು ಸಾಲಿನಲ್ಲಿ ಹಲವು ವರ್ಷ ಕಾಯುವಂತೆ ಇವರು ಕಾಯಬೇಕಾಗಿಲ್ಲ. ಮನವಿಯು ಮಂಜೂರಾದರೆ ವಿಷಯವು ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಪೋರ್ಟ್ಸ್‌ಮತ್ ಎಂಬ ಊರಿನಲ್ಲಿರುವ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿಗೆ ಪತ್ನಿಯು ಡಿಎಸ್-260 ಎಂಬ ಅರ್ಜಿಯನ್ನೂ, ಜನನಪತ್ರ, ವಿವಾಹಪತ್ರ, ಪೊಲೀಸರ ಪತ್ರಗಳನ್ನೂ ಒಪ್ಪಿಸಬೇಕು. ಆಮೇಲೆ ವೈದ್ಯಪರೀಕ್ಷೆ, ಭಾರತದಲ್ಲಿರುವವರಿಗೆ ಮುಂಬಯಿಯ ಕಾನ್ಸಲ್ ಕಛೇರಿಯಲ್ಲಿ ಸಂದರ್ಶನ. ಇವೆಲ್ಲಕ್ಕೂ ಹಣವೂ ತಾಳ್ಮೆಯೂ ಇದ್ದರೆ ಸಾಕು. ಧರ್ಮಸೂಕ್ಷ್ಮವಿರುವುದು ಇವುಗಳ ನಡುವೆ ಬರುವ ಇನ್ನೊಂದು ಕಾಗದದಲ್ಲಿ. ಅದು ಐ-864, ಅಂದರೆ ಪೋಷಣೆಯ ಪ್ರಮಾಣಪತ್ರ.

1996ರ ಶಾಸನದಿಂದ ಈ ಪತ್ರಕ್ಕೆ ಕರಾರಿನ ಬಲ ಬಂದಿತು. ಸರ್ಕಾರವು ಗೊತ್ತುಮಾಡಿದ ಬಡತನದ ರೇಖೆಗೆ ನೂರಕ್ಕೆ 125ರಷ್ಟಾದರೂ ಆದಾಯವಿರುವಂತೆ ಪತ್ನಿಯನ್ನು ಪೋಷಿಸುವೆನೆಂದು ಪತಿಯು ಇದರಲ್ಲಿ ಒಪ್ಪಿಕೊಳ್ಳುತ್ತಾನೆ. ಒಪ್ಪಿ ಹಾಕಿದ ರುಜುವಿನ ಹೊಣೆಯು ಆಕೆ ಆ ದೇಶದ ಪೌರಳಾಗುವವರೆಗೆ, ಅಥವಾ ಸುಮಾರು ಹತ್ತು ವರ್ಷಗಳ ದುಡಿಮೆಗೆ ಸಮನಾದ 40 ತ್ರೈಮಾಸಿಕಗಳು ಆಕೆಯ ಲೆಕ್ಕಕ್ಕೆ ಸೇರುವವರೆಗೆ, ಅಥವಾ ಆಕೆ ಅಲ್ಲಿನ ವಾಸವನ್ನು ತೊರೆದು ಹೊರಟುಹೋಗುವವರೆಗೆ, ಇಲ್ಲವೆ ಮೃತ್ಯುವಿನವರೆಗೆ ತಪ್ಪುವುದಿಲ್ಲ. ವಿವಾಹವಿಚ್ಛೇದವಾದರೂ ತಪ್ಪುವುದಿಲ್ಲ. ಅಗ್ನಿಸಾಕ್ಷಿಯಾಗಿ ‘ನಾತಿಚರಾಮಿ’ ಎಂದ ಮಾತನ್ನು ನ್ಯಾಯಸ್ಥಾನವು ಬಿಡಿಸಬಹುದು. ಸರ್ಕಾರಕ್ಕೆ ಬರೆದುಕೊಟ್ಟ ಮಾತನ್ನು ಆ ಬಿಡುಗಡೆ ಮುಟ್ಟುವುದಿಲ್ಲ! ಇದನ್ನು ಕೇಳಿ ನಗುವವರುಂಟು. ಆದರೆ ಈ ನಿಯಮದ ಆಶಯವು ಇಲ್ಲಿನವರಿಗೆ ಹೊಸದಲ್ಲ. ಕಾರ್ಯಾರ್ಥವಾಗಿ ಪ್ರವಾಸ ಹೊರಡುವವನು ಮೊದಲು ಭಾರ್ಯೆಯ ಜೀವನಕ್ಕೆ ಏರ್ಪಾಡು ಮಾಡಿ ಹೊರಡತಕ್ಕದ್ದೆಂದು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿಯೇ ವಿಧಿಸಿದೆ. ಅಲ್ಲಿ ಹೋಗುವವನು ಗಂಡ, ಇಲ್ಲಿ ಬರುವವಳು ಹೆಂಡತಿ, ಹೊಣೆ ಒಂದೇ.

ಇಷ್ಟರಲ್ಲಿ ತೊಡಕಿಲ್ಲ. ಪ್ರಮಾಣಪತ್ರಕ್ಕೆ ರುಜು ಹಾಕುವವನು ಆ ದೇಶದಲ್ಲಿ ಸ್ಥಿರವಾಸವುಳ್ಳವನಾಗಿರಬೇಕೆಂಬ ನಿಬಂಧನೆಯೊಂದುಂಟು. ಗಂಟು ಬೀಳುವುದು ಅಲ್ಲಿ. ಹೊಣೆ ಹೊತ್ತವನು ಕೈಗೆ ಸಿಕ್ಕುವ ಸ್ಥಳದಲ್ಲಿ ಇರಬೇಕೆಂಬುದು ಇದರ ಯುಕ್ತಿ. ವಿಳಾಸ ಬದಲಾದರೆ 30 ದಿನಗಳೊಳಗೆ ತಿಳಿಸಬೇಕೆಂಬುದೂ ಅದೇ ಯುಕ್ತಿಯಿಂದ. ಹೊರದೇಶದಲ್ಲಿರುವ ಪೌರನು ಎರಡರಲ್ಲಿ ಒಂದನ್ನು ತೋರಿಸಬೇಕು. ತಾನು ಹೊರಗಿರುವುದು ತಾತ್ಕಾಲಿಕ, ಮನೆ ಅಲ್ಲಿಯೇ ಇದೆ ಎಂದಾದರೂ ತೋರಿಸಬೇಕು. ಇಲ್ಲವೆ ಪತ್ನಿಯು ಆ ದೇಶವನ್ನು ಪ್ರವೇಶಿಸುವ ದಿನಕ್ಕೆ ತಡವಾಗದಂತೆ ತಾನೂ ಅಲ್ಲಿ ನೆಲೆಸುವ ನಿಶ್ಚಯವುಳ್ಳವನು, ಅದಕ್ಕಾಗಿ ಇಂತಿಂತಹ ಸಿದ್ಧತೆ ಮಾಡಿರುವೆನು ಎಂದಾದರೂ ತೋರಿಸಬೇಕು. ಆದಾಯ ಸಾಲದಿದ್ದರೆ ಬೇರೊಬ್ಬ ಬಂಧುವೋ ಮಿತ್ರನೋ ಜೊತೆಗಾರನಾಗಿ ಹೊಣೆಪತ್ರ ಬರೆದುಕೊಡಲು ಅವಕಾಶವಿದೆ. ಸ್ಥಿರವಾಸ ಸಾಲದಿದ್ದರೆ ಅಂತಹ ಉಪಾಯವಿಲ್ಲ. ಧನದ ಭಾರವನ್ನು ಇನ್ನೊಬ್ಬನ ಹೆಗಲಿಗೆ ಹಂಚಬಹುದು. ವಾಸದ ಭಾರವನ್ನು ಹಂಚಲು ಬಾರದು. ಸಂಕಲ್ಪವನ್ನು ಸಾಲ ತರುವುದಾಗುವುದಿಲ್ಲವೆಂಬ ತತ್ತ್ವವನ್ನು ಈ ಶಾಸನವು ಅರಿತೋ ಅರಿಯದೆಯೋ ಹಿಡಿದಿದೆ.

ಹಾಗಿರಲು ಬೆಂಗಳೂರಿನ ಆ ಮನೆಯಲ್ಲಿ ನಡೆಯುವ ಮಾತು ಯಾವುದು? “ಹೋಗುವುದು ಬಿಡುವುದು ಆಮೇಲಿನ ವಿಚಾರ, ಮೊದಲು ಚೀಟಿ ಕೈಗೆ ಬರಲಿ. ಒಂದು ಕಾಗದ ಇದ್ದರೆ ನಷ್ಟವೇನು? ವರ್ಷಕ್ಕೊಮ್ಮೆ ಹೋಗಿ ಮುಖ ತೋರಿಸಿ ಬಂದರಾಯಿತು.” ಇದು ದುಷ್ಟರ ಮಾತಲ್ಲ. ಮಗಳ ಭವಿಷ್ಯವನ್ನು ನೆನೆಯುವ ಮಾವನೂ, ಲೋಕವ್ಯವಹಾರ ಬಲ್ಲ ಸ್ನೇಹಿತರೂ ಒಳ್ಳೆಯ ಮನಸ್ಸಿನಿಂದಲೇ ಇದನ್ನು ಹೇಳುತ್ತಾರೆ. ಸಾಧನಗಳೂ ಕೈಗೆಟಕುವಂತೆಯೇ ಇವೆ. ವಿದ್ಯಾರ್ಥಿದೆಸೆಯಲ್ಲಿ ತೆರೆದ ಬ್ಯಾಂಕಿನ ಲೆಕ್ಕವು ಇನ್ನೂ ಅಲ್ಲಿ ನಡೆಯುತ್ತಿದೆ. ಆ ದೇಶದ ಪೌರನು ಲೋಕದ ಯಾವ ಮೂಲೆಯಲ್ಲಿದ್ದರೂ ತನ್ನ ಆದಾಯವನ್ನು ಅಲ್ಲಿನ ತೆರಿಗೆಯವರಿಗೆ ತಿಳಿಸಬೇಕಾದ್ದರಿಂದ ತೆರಿಗೆಯ ಕಾಗದಗಳಿವೆ. ಮತಪತ್ರವನ್ನು ಹೊರದೇಶದಿಂದ ಕಳುಹಿಸಿದ ಗುರುತಿದೆ. ಹಳೆಯ ಸಹಪಾಠಿಯೊಬ್ಬನು ತನ್ನ ಮನೆಯಲ್ಲಿ ಕೊಠಡಿ ಕೊಡುವೆನೆಂದು ಪತ್ರ ಬರೆದಿದ್ದಾನೆ. ನಾಲ್ಕು ಕಡೆಗೆ ಉದ್ಯೋಗದ ಅರ್ಜಿಯನ್ನು ಹಾಕಿಟ್ಟರೆ ಅದೂ ಒಂದು ಸಿದ್ಧತೆಯೆನಿಸುತ್ತದೆ. ಇವುಗಳಲ್ಲಿ ಯಾವ ಕಾಗದವೂ ಕೃತ್ರಿಮವಲ್ಲ. ಎಲ್ಲವೂ ನಿಜವಾದುವೇ. ಅವುಗಳನ್ನು ಒಟ್ಟಿಗೆ ಕಟ್ಟಿ ಮೇಲೆ ರುಜು ಹಾಕಿದ ವಾಕ್ಯವೊಂದೇ ನಿಜವಲ್ಲ.

ಈ ಬಗೆಯ ಸತ್ಯಕ್ಕೆ ಮಹಾಭಾರತದಲ್ಲಿ ಪ್ರಸಿದ್ಧವಾದ ಉದಾಹರಣೆಯಿದೆ. ಅಶ್ವತ್ಥಾಮನೆಂಬ ಆನೆ ಸತ್ತದ್ದು ನಿಜ. ಧರ್ಮರಾಯನು ಅದನ್ನೇ ಹೇಳಿದನು. ಆನೆಯೆಂಬ ಮಾತನ್ನೂ ಆತನು ಬಿಡಲಿಲ್ಲ, ದನಿಯನ್ನು ತಗ್ಗಿಸಿದನಷ್ಟೆ. ಪದಪದವಾಗಿ ಒಡೆದು ನೋಡಿದರೆ ಆ ವಾಕ್ಯದಲ್ಲಿ ಅನೃತವಿಲ್ಲ. ಆದರೂ ನೆಲದಿಂದ ನಾಲ್ಕು ಬೆರಳೆತ್ತರದಲ್ಲಿ ಸಾಗುತ್ತಿದ್ದ ಆತನ ರಥವು ಅಂದು ನೆಲಕ್ಕೆ ಇಳಿಯಿತೆಂದು ವ್ಯಾಸರು ಹೇಳುತ್ತಾರೆ. ಕೇಳುವವನಲ್ಲಿ ಯಾವ ನಂಬಿಕೆಯನ್ನು ಹುಟ್ಟಿಸಬೇಕೆಂದು ಮಾತು ಹೊರಟಿತೋ, ಅದರಿಂದಲೇ ಸತ್ಯಾನೃತಗಳ ನಿರ್ಣಯ, ಪದಗಳಿಂದ ಅಲ್ಲ. ಹಳೆಯ ಬ್ಯಾಂಕಿನ ಲೆಕ್ಕವನ್ನು ಲಗತ್ತಿಸುವ ಗೃಹಸ್ಥನ ಆನೆಯು ಬಹಳ ಚಿಕ್ಕದು. ಅದರ ಮೇಲೆ ಒಂದು ಸೈನ್ಯದ ಅಳಿವು ಉಳಿವು ನಿಂತಿಲ್ಲ. ಆದರೆ ಜಾತಿ ಅದೇ.

ಇಲ್ಲಿ ಪೂರ್ವಪಕ್ಷಿಯು ಸುಮ್ಮನಿರುವವನಲ್ಲ. “ನಾಳೆಯ ಮನಸ್ಸನ್ನು ಬಲ್ಲವರಾರು? ಇಂದು ಹೋಗುವೆನೆಂದವನು ನಾಳೆ ನಿಲ್ಲಬಹುದು, ನಿಲ್ಲುವೆನೆಂದವನು ಹೊರಡಬಹುದು. ಭವಿಷ್ಯತ್ತಿನ ವಿಷಯದಲ್ಲಿ ಸತ್ಯವೆಂಬುದೇ ಇಲ್ಲದಿರಲು ಸುಳ್ಳು ಹೇಗೆ ಬಂದಿತು?” ಎಂದು ಕೇಳುತ್ತಾನೆ. ಪ್ರಶ್ನೆಯು ತರ್ಕಬದ್ಧವಾಗಿದೆ. ಇದಕ್ಕೆ ಉತ್ತರವನ್ನು ತರ್ಕಗ್ರಂಥಗಳಿಗಿಂತ ಕನ್ನಡದ ಮಕ್ಕಳೆಲ್ಲ ಬಲ್ಲ ಪುಣ್ಯಕೋಟಿಯ ಕಥೆಯಲ್ಲಿ ಹುಡುಕುವುದು ಸುಲಭ. ಕರುವಿಗೆ ಹಾಲೂಡಿಸಿ ಬರುವೆನೆಂದು ಆ ಹಸುವು ಹುಲಿಗೆ ಹೇಳಿತಷ್ಟೆ. ದಾರಿಯಲ್ಲಿ ಹಳ್ಳ ತುಂಬಿ ಬಂದು ಅದು ಹಿಂದಿರುಗಲಾರದೆ ಹೋಗಿದ್ದರೆ ಅದನ್ನು ಸುಳ್ಳುಗಾರ್ತಿಯೆಂದು ಯಾರೂ ಹೇಳುತ್ತಿರಲಿಲ್ಲ. ಹಿಂದಿರುಗುವ ಮನಸ್ಸಿಲ್ಲದೆ ಹೊರಟು, ದೊಡ್ಡಿಯಲ್ಲಿ ನೆಮ್ಮದಿ ಸಿಕ್ಕದೆ ಅಕಸ್ಮಾತ್ತಾಗಿ ಹಿಂದಿರುಗಿದ್ದರೆ, ಫಲವು ಒಂದೇ ಆಗಿದ್ದರೂ ಅದು ಸತ್ಯವಂತೆಯೆನಿಸುತ್ತಿರಲಿಲ್ಲ. ಸಂಕಲ್ಪವು ಜ್ಯೋತಿಷ್ಯವಲ್ಲ. ನಾಳೆ ಏನಾಗುವುದೆಂದು ಅದು ಹೇಳುವುದಿಲ್ಲ. ಈ ಕ್ಷಣದಲ್ಲಿ ತನ್ನನ್ನು ತಾನು ಕಟ್ಟಿಕೊಂಡಿರುವೆನೆಂದು ಹೇಳುತ್ತದೆ. ಕಟ್ಟಿಕೊಂಡಿರುವನೋ ಇಲ್ಲವೋ ಎಂಬುದು ಇಂದಿನ ಸಂಗತಿ, ನಾಳೆಯದಲ್ಲ. ಹೇಳುವವನಿಗೆ ಅದು ತಿಳಿದೇ ಇರುತ್ತದೆ. ಅಲ್ಲಿ ಮನೆ ಹುಡುಕಿ, ಇಲ್ಲಿಯ ಉದ್ಯೋಗಕ್ಕೆ ಇಂತಹ ತಿಂಗಳಲ್ಲಿ ಬಿಡುವೆನೆಂದು ತಿಳಿಸಿ ಹೊರಟವನು, ತಾಯಿಯ ಕಾಯಿಲೆಯಿಂದ ಆರು ತಿಂಗಳಲ್ಲಿ ಹಿಂದಿರುಗಿದರೂ ಆತನ ರುಜು ಸತ್ಯವೇ.

ಎರಡನೆಯ ಪೂರ್ವಪಕ್ಷವು ಹೆಚ್ಚು ಬಿರುಸಿನದು. ಗಂಡಹೆಂಡಿರು ಕೂಡಿ ಬಾಳುವುದಕ್ಕೆ ಮೂರನೆಯವನ ಅಪ್ಪಣೆಯೇಕೆ? ಬಾಗಿಲು ಕಾಯುವವನು ಅನ್ಯಾಯವಾಗಿ ತಡೆದರೆ ಅವನಿಗೆ ನಿಜ ಹೇಳುವ ಋಣ ಯಾರಿಗಿದೆ? ಈ ಮಾತನ್ನು ಹಗುರವಾಗಿ ತಳ್ಳಿಬಿಡುವಂತಿಲ್ಲ. ಬಾಗಿಲು ಕಾದವರ ಚರಿತ್ರೆಯು ಶುಭ್ರವಾದುದಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳು 1917ರ ಶಾಸನದಿಂದ ಭಾರತೀಯರಿಗೆ ಬಾಗಿಲು ಮುಚ್ಚಿದುವು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಸ್ಥಾನವು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದಿತು. ಕ್ಯಾಲಿಫೋರ್ನಿಯದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿನ ಒಕ್ಕಲಿಗರು ಊರಿನಲ್ಲಿ ಬಿಟ್ಟುಬಂದ ಹೆಂಡಿರನ್ನು ಕರೆಸಿಕೊಳ್ಳುವಂತಿರಲಿಲ್ಲ; ನೋಡಲು ಹೋದರೆ ತಾವು ಮರಳುವಂತಿರಲಿಲ್ಲ. ಅವರಲ್ಲಿ ಹಲವರು ಮೆಕ್ಸಿಕೋ ಮೂಲದ ಸ್ತ್ರೀಯರನ್ನು ಮದುವೆಯಾಗಿ ಅಲ್ಲಿಯೇ ಸಂಸಾರ ಹೂಡಿದರು. 1946ರಲ್ಲಿ ಆ ಬಾಗಿಲು ತೆರೆದಾಗ ಇಡೀ ಭಾರತಕ್ಕೆ ವರ್ಷಕ್ಕೆ 100 ಮಂದಿಯೆಂದು ಗೊತ್ತಾಯಿತು. ಇಂಗ್ಲೆಂಡಿನ ಕಥೆ ಬೇರೆ ತರಹದ್ದು. 1979ರ ಜನವರಿಯಲ್ಲಿ ವಿವಾಹಕ್ಕಾಗಿ ಲಂಡನ್ನಿನ ಹೀತ್ರೂ ವಿಮಾನನಿಲ್ದಾಣದಲ್ಲಿ ಬಂದಿಳಿದ ಒಬ್ಬ ಭಾರತೀಯ ಅಧ್ಯಾಪಿಕೆಯನ್ನು, ಆಕೆ ಕನ್ಯೆಯೇ ಅಲ್ಲವೇ ಎಂದು ಅಲ್ಲಿನ ಅಧಿಕಾರಿಗಳು ವೈದ್ಯನಿಂದ ಪರೀಕ್ಷೆ ಮಾಡಿಸಿದರು. ಪತ್ರಿಕೆಯಲ್ಲಿ ಸುದ್ದಿ ಹೊರಬಿದ್ದು, ಎರಡು ದೇಶಗಳಲ್ಲಿಯೂ ಕೋಪವೆದ್ದ ಮೇಲೆ ಆ ಪದ್ಧತಿಯನ್ನು ನಿಲ್ಲಿಸಿದರು. ಅದರ ತರುವಾಯವೂ, ವಿವಾಹದ ಮುಖ್ಯೋದ್ದೇಶವು ವಲಸೆಯಲ್ಲವೆಂದು ದಂಪತಿಗಳೇ ಸ್ಥಾಪಿಸಬೇಕೆಂಬ ನಿಯಮವೊಂದು ಅಲ್ಲಿ 1997ರವರೆಗೆ ನಡೆಯಿತು. ಇಲ್ಲದ ಉದ್ದೇಶವನ್ನು ಇಲ್ಲವೆಂದು ಸಾಧಿಸುವುದು ಹೇಗೆ?

ಪ್ರಮಾಣದ ಮಾತು ಬಂದುದರಿಂದ ಇದನ್ನು ಇಲ್ಲಿಯೇ ವಿಚಾರಿಸಬಹುದು. ದಾಂಪತ್ಯವು ನಿಜವೋ ನಟನೆಯೋ ಎಂಬುದು ಅಧಿಕಾರಿಗೆ ಪ್ರತ್ಯಕ್ಷವಲ್ಲ. ದಂಪತಿಗಳ ಮಾತು ಶಬ್ದಪ್ರಮಾಣವಾಗಬೇಕಾದರೆ ಅವರು ಆಪ್ತರೆಂದು ಮೊದಲು ನಿಶ್ಚಯವಾಗಬೇಕು. ಉಳಿದದ್ದು ಅನುಮಾನ. ಜಂಟಿ ಬ್ಯಾಂಕ್ ಲೆಕ್ಕ, ಜಂಟಿ ಬಾಡಿಗೆಪತ್ರ, ಛಾಯಾಚಿತ್ರ, ಕಾಗದಪತ್ರ, ಇವು ಹೊಗೆ, ದಾಂಪತ್ಯವು ಬೆಂಕಿ. ಆದರೆ ಹೊಗೆಯಿಲ್ಲದ ಬೆಂಕಿಗೆ ಕಾದ ಕಬ್ಬಿಣದ ಗುಂಡನ್ನು ನೈಯಾಯಿಕರು ಎಂದೋ ಉದಾಹರಿಸಿದ್ದಾರೆ. ಅತ್ತೆಯ ಹೆಸರಿನಲ್ಲಿರುವ ಮನೆಯಲ್ಲಿ ವಾಸಿಸುತ್ತ, ಸಂಬಳವನ್ನು ಅವರವರ ಹೆಸರಿನಲ್ಲಿಯೇ ಇಟ್ಟುಕೊಂಡು, ಪಕ್ಕದ ಕೋಣೆಯಲ್ಲಿರುವ ಗಂಡನಿಗೆ ಕಾಗದ ಬರೆಯದ ಹೆಂಡತಿಯ ಬಳಿ ಯಾವ ಹೊಗೆಯಿದೆ? ಮಂಜನ್ನೇ ಹೊಗೆಯೆಂದು ಭ್ರಮಿಸುವುದೂ ಉಂಟು. ವಂಚಕರ ಕಡತವು ಸಾಧುಗಳ ಕಡತಕ್ಕಿಂತ ದಪ್ಪವಾಗಿರಬಹುದು. ಅಂತಹ ವಂಚನೆಗೆ ಹೆದರಿಯೇ ಅಮೆರಿಕದವರು 1986ರಲ್ಲಿ, ಪ್ರವೇಶದ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬದವರಿಗೆ ಮೊದಲು ಷರತ್ತಿನ ವಾಸವನ್ನೇ ಕೊಟ್ಟು, ಎರಡು ವರ್ಷಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸುವ ಶಾಸನ ಮಾಡಿದರು. ಆದಿಪರ್ವದಲ್ಲಿ ಶಕುಂತಲೆಯು ಮಗನನ್ನು ಕೈಹಿಡಿದು ದುಷ್ಯಂತನ ಸಭೆಗೆ ಬಂದಾಗ ಆಕೆಯ ಬಳಿ ಉಂಗುರವೂ ಇಲ್ಲ. ಉಂಗುರವು ಕಾಳಿದಾಸನ ನಾಟಕದ್ದು. ರಾಜನು ಅರಿಯೆನೆಂದನು. ಅಶರೀರವಾಣಿಯಾದ ಮೇಲೆ ಒಪ್ಪಿಕೊಂಡು ಆತನು ಹೇಳಿದ್ದು ಮನನೀಯವಾಗಿದೆ: ತನಗೆ ಮೊದಲೇ ಗೊತ್ತಿತ್ತು, ಬರಿಯ ಆಕೆಯ ಮಾತಿನಿಂದ ಒಪ್ಪಿದ್ದರೆ ಲೋಕವು ಶಂಕಿಸುತ್ತಿತ್ತು ಎಂದು. ಲೋಕಶಂಕೆಯ ನಿವಾರಣೆಗೆ ಪ್ರಮಾಣ ಬೇಕೆಂಬುದು ಅರಸರ ಧರ್ಮವಾಗಿರಬಹುದು. ಸಭೆಯ ನಡುವೆ ನಿಂತ ಆಕೆಯ ಅವಮಾನವು ಅದರಿಂದ ಕಡಿಮೆಯಾಗಲಿಲ್ಲ.

ಇತ್ತೀಚೆಗೆ, 2024ರ ಜೂನ್ ತಿಂಗಳಲ್ಲಿ, ಅಮೆರಿಕದ ಪರಮೋಚ್ಚ ನ್ಯಾಯಸ್ಥಾನವು ಈ ವಿಷಯದಲ್ಲಿ ಒಂದು ತೀರ್ಪು ಕೊಟ್ಟಿತು. ಸಾಂಡ್ರಾ ಮುನ್ಯೋಸ್ ಎಂಬ ಪೌರಳ ಪತಿಗೆ ಎಲ್ ಸಾಲ್ವಡಾರ್ ದೇಶದಲ್ಲಿ ವೀಸಾ ನಿರಾಕರಿಸಿದ್ದರು. ವಿವರವಾದ ಕಾರಣವನ್ನು ಬಹುಕಾಲ ತಿಳಿಸಲಿಲ್ಲ. ಮೈಮೇಲಿನ ಹಚ್ಚೆಗಳಿಂದ ಆತನನ್ನು ಒಂದು ದುಷ್ಟಕೂಟದವನೆಂದು ಶಂಕಿಸಿದ್ದರೆಂಬುದು ಆಮೇಲೆ ಹೊರಬಂತು. ಐದು ಮಂದಿ ನ್ಯಾಯಾಧೀಶರ ಮತದಲ್ಲಿ, ವಿದೇಶೀಯನಾದ ಪತಿಯನ್ನು ದೇಶದೊಳಕ್ಕೆ ಬಿಡಬೇಕೆಂದು ಕೇಳುವ ಮೂಲಭೂತವಾದ ಹಕ್ಕು ಪೌರಳಿಗಿಲ್ಲ. ಮೂವರು ಭಿನ್ನಮತವನ್ನು ಬರೆದರು ಅಥವಾ ಅದಕ್ಕೆ ಕೂಡಿಕೊಂಡರು. ವಿವಾಹದ ಹಕ್ಕು ಬೇರೆ, ಅದೇ ನೆಲದಲ್ಲಿ ಕೂಡಿ ಬಾಳುವ ಹಕ್ಕು ಬೇರೆ ಎಂದಂತಾಯಿತು. ಕೂಡಿ ಬಾಳದ ವಿವಾಹವೆಂದರೇನೆಂದು ಸಾಮಾನ್ಯರಾದ ಗೃಹಸ್ಥರಿಗೆ ತೋರಿದರೆ ಅವರದು ತಪ್ಪಲ್ಲ.

ಇಷ್ಟನ್ನೂ ಒಪ್ಪಿದ ಮೇಲೆಯೂ, ಬಾಗಿಲವನ ಕಠೋರತೆಯು ಒಳಗೆ ಹೋಗುವವನ ಸುಳ್ಳಿಗೆ ಪರವಾನಗಿಯಾಗುವುದೇ? ಪ್ರಾಣಾಪಾಯ, ಸರ್ವಸ್ವಹರಣ ಮೊದಲಾದ ಐದು ಸಂದರ್ಭಗಳಲ್ಲಿ ಅನೃತವು ಪಾತಕವಲ್ಲವೆಂಬ ಭಾರತದ ವಚನವನ್ನು ತೆಗೆದು, ಆ ಐದರಲ್ಲಿ ವಿವಾಹವೂ ಒಂದೆಂದು ವಾದಿಸುವ ಚತುರರಿರಬಹುದು. ಅಲ್ಲಿ ಹೇಳಿದ್ದು ವಿವಾಹಕಾಲವನ್ನು. ಇಲ್ಲಿ ವಿವಾಹವು ಎಂದೋ ಆಗಿಹೋಗಿದೆ! ಪಂಜಾಬಿನ ಒಕ್ಕಲಿಗನಿಗೆ ಕೂಡಿ ಬಾಳಲು ಬೇರೆ ನೆಲವಿರಲಿಲ್ಲ. ಮುನ್ಯೋಸ್ ದಂಪತಿಗಳಿಗೆ ಬಾಗಿಲೇ ಮುಚ್ಚಿತು. ಬೆಂಗಳೂರಿನ ಗೃಹಸ್ಥನೋ ತನ್ನ ಪತ್ನಿಯೊಡನೆ ಒಂದೇ ಮನೆಯಲ್ಲಿ ಉಂಡು ಉಟ್ಟು ಸುಖವಾಗಿದ್ದಾನೆ. ಅವರ ದುಃಖವನ್ನು ಈತನ ಅನುಕೂಲಕ್ಕೆ ಸಾಕ್ಷಿ ಹೇಳಿಸುವುದು ಯೋಗ್ಯವಲ್ಲ.

ಮೂರನೆಯ ಪೂರ್ವಪಕ್ಷವೇ ನಿಜವಾಗಿ ಕಠಿನವಾದುದು. “ನಾಳೆ ಗಂಡನಿಗೆ ಏನಾದರೂ ಆದರೆ? ಗಲಭೆಯೋ ರೋಗವೋ ಬಂದು ದೇಶದೇಶಗಳ ಬಾಗಿಲು ಮುಚ್ಚಿದರೆ?” 2020ರಲ್ಲಿ ಕೋವಿಡ್ ಹಬ್ಬಿ ಕಾನ್ಸಲ್ ಕಛೇರಿಗಳು ಮುಚ್ಚಿದಾಗ, ಗಂಡ ಒಂದು ದಡದಲ್ಲಿ ಹೆಂಡತಿ ಒಂದು ದಡದಲ್ಲಿ ತಿಂಗಳುಗಟ್ಟಲೆ ನಿಂತ ಮನೆಗಳನ್ನು ಕಂಡವರಿಗೆ ಈ ಭಯವು ಕಾಲ್ಪನಿಕವಲ್ಲ. ಮಳೆಗಾಲಕ್ಕೆ ಮುಂಚೆ ಸೌದೆ ಕೂಡಿಡುವ ಜಾಣ್ಮೆಯನ್ನು ಯಾರು ನಿಂದಿಸುವರು? ಆದರೆ ಆ ಚೀಟಿಯು ಸೌದೆಯಂತೆ ಅಟ್ಟದ ಮೇಲೆ ಇಟ್ಟಿರುವ ವಸ್ತುವಲ್ಲ. ಅದು ಅಲ್ಲಿ ವಾಸಿಸುವವರ ಗುರುತು. ಒಂದು ವರ್ಷ ಮೀರಿ ಹೊರಗಿದ್ದರೆ ಆ ಚೀಟಿ ಮರುಪ್ರವೇಶಕ್ಕೆ ನಡೆಯದು. ಮುಂಚಿತವಾಗಿ, ಅದೂ ಅಲ್ಲಿದ್ದಾಗಲೇ, ಅರ್ಜಿ ಹಾಕಿ ಪುನಃಪ್ರವೇಶದ ಪರವಾನಗಿ ಪಡೆದರೆ ಎರಡು ವರ್ಷದವರೆಗೆ ಸಾಗಬಹುದು. ವರ್ಷ ತುಂಬುವುದಕ್ಕೆ ಮುಂಚೆ ಮುಖ ತೋರಿಸಿದವರೆಲ್ಲ ಸುರಕ್ಷಿತರೆಂಬುದೂ ಭ್ರಮೆಯೇ. ವಾಸವನ್ನು ತೊರೆದಿರುವರೆಂದು ಕಂಡರೆ ಅದಕ್ಕಿಂತ ಕಡಿಮೆ ಕಾಲದ ಗೈರುಹಾಜರಿಯ ಮೇಲೆಯೂ ಅಧಿಕಾರಿಯು ಪ್ರಶ್ನೆಯೆತ್ತಬಹುದು.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರೆಂಬುದನ್ನು ಮನೆಮಂದಿ ಯೋಚಿಸಿರುವುದಿಲ್ಲ. ಗಂಡನು ಆ ದೇಶದ ಪೌರನು. ಆತನ ಪ್ರವೇಶಕ್ಕೆ ಅಡ್ಡಿಯಿಲ್ಲ. ನಿಮ್ಮ ಮನೆ ಎಲ್ಲಿ, ಎಷ್ಟು ದಿನದ ಮೇಲೆ ಬಂದಿರಿ, ಎಷ್ಟು ದಿನ ಇರುವಿರಿ ಎಂದು ವರ್ಷವರ್ಷವೂ ವಿಮಾನನಿಲ್ದಾಣದಲ್ಲಿ ಕೇಳಿಸಿಕೊಳ್ಳುವವಳು ಹೆಂಡತಿ. ಬೆಂಗಳೂರಿನಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಅರ್ಧ ತಿದ್ದಿ ಬಂದ ಆ ಅಧ್ಯಾಪಿಕೆಯು, ತನ್ನ ಮನೆ ಇಲ್ಲಿಯೇ ಎಂದು ಅಪರಿಚಿತನ ಮುಂದೆ ನಿಂತು ಹೇಳಬೇಕು. ಗಂಡನು ಒಂದು ಸಲ ಹಾಕಿದ ರುಜುವಿನ ಬಡ್ಡಿಯನ್ನು ಆಕೆ ಬಾಯಿಮಾತಿನಲ್ಲಿ ತೆರುತ್ತ ಹೋಗಬೇಕು. ಆಪತ್ಕಾಲಕ್ಕೆಂದು ಮಾಡಿದ ಉಪಾಯವು ಯಾರ ರಕ್ಷಣೆಗಾಗಿ ಹುಟ್ಟಿತೋ ಅವಳ ತಲೆಯ ಮೇಲೆಯೇ ಕುಳಿತಿತು.

ಮೋಸಹೋದವರು ಅವಳೊಬ್ಬಳೇ ಅಲ್ಲ. ಸರ್ಕಾರಕ್ಕೆ ಆದ ನಷ್ಟವು ಅಲ್ಪ. ಅಂತಹ ಕಾಗದಗಳು ಅದಕ್ಕೆ ಲಕ್ಷಗಟ್ಟಲೆ ಬರುತ್ತವೆ. ನಷ್ಟವು ಮನೆಯೊಳಗಿನದು. ಐ-130ರ ನಮೂನೆಯಲ್ಲಿ ತಾಯಿಯ ಹೆಸರನ್ನೂ ಆಕೆ ವಾಸಿಸುವ ಊರನ್ನೂ ಬರೆಯಲು ಸ್ಥಳವಿದೆ. ಆಕೆಯ ಮುಪ್ಪಿಗೆ ಆಸರೆ ಯಾರೆಂದು ಬರೆಯಲು ಸ್ಥಳವಿಲ್ಲ. ಹೋಗುವೆವೆಂದೂ ಅಲ್ಲದೆ ಇರುವೆವೆಂದೂ ಅಲ್ಲದೆ ಚೀಟಿಯನ್ನು ತರಿಸಿಟ್ಟ ಮನೆಯಲ್ಲಿ, ಮಗನು ತನ್ನೊಡನೆಯೇ ಉಳಿಯುವನೆಂದು ತಾಯಿ ನಂಬಿರುತ್ತಾಳೆ. ಇಂದಲ್ಲ ನಾಳೆ ಹೊರಡುವೆವೆಂದು ಸೊಸೆ ನಂಬಿ, ಕಾಲೇಜಿನಲ್ಲಿ ಬರಬೇಕಾದ ಬಡತಿಯನ್ನು ಬಿಟ್ಟುಕೊಡುತ್ತಾಳೆ, ಅಥವಾ ಹೊರಡಲಾರೆವೆಂದು ನಂಬಿ ಒಳಗೇ ಕುದಿಯುತ್ತಾಳೆ. ಮಗನು ಇಬ್ಬರಿಗೂ ಇಲ್ಲವೆನ್ನದೆ ನಡೆಸುತ್ತಾನೆ. ನಿಶ್ಚಯ ಮಾಡಬೇಕಾದ ಸಂಕಟವನ್ನು ಮುಂದೂಡಲು ಆ ಕಾಗದವು ಆತನಿಗೆ ನೆರವಾಯಿತು. ಮುಂಬಯಿಯ ಅಧಿಕಾರಿಗೆ ಹೇಳಿದ ಅನೃತವನ್ನು ಮೊದಲು ಕೇಳಿದ್ದು ಬೆಂಗಳೂರಿನ ಊಟದ ಮನೆ. ಗೃಹಕರ್ಮಗಳಲ್ಲಿ ‘ಧರ್ಮಪತ್ನೀಸಮೇತಸ್ಯ’ ಎಂದು ಹೇಳಿ, ಪತ್ನಿಯು ಕೈಗೆ ನೀರು ಹಾಕಿದ ಮೇಲೆ ಸಂಕಲ್ಪ ಬಿಡುವ ಪದ್ಧತಿಯಿದೆ. ಎಷ್ಟೋ ಮನೆಗಳಲ್ಲಿ ಅದು ಬರಿಯ ಬಾಯಿಪಾಠವಾಗಿದೆಯೆಂಬುದು ನಿಜ. ಆದರೂ ಗಂಡನು ಒಬ್ಬನೇ ಕುಳಿತು ಸಂಕಲ್ಪಿಸಲಾಗದೆಂಬ ಅರ್ಥವು ಅದರಲ್ಲಿ ಇನ್ನೂ ಉಳಿದಿದೆ.

ಹಾಗಾದರೆ ಅನಿಶ್ಚಿತಮತಿಯಾದ ಗೃಹಸ್ಥನು ಕೈಕಟ್ಟಿ ಕುಳಿತಿರಬೇಕೇ? ಬೇಕಾಗಿಲ್ಲ. ಶಾಸನವು ವಿದೇಶವಾಸವನ್ನು ದ್ವೇಷಿಸುವುದಿಲ್ಲ. ಅಮೆರಿಕದ ಸರ್ಕಾರದ ಕೆಲಸದ ಮೇಲೆಯೋ ಅಲ್ಲಿನ ಕೆಲವು ಸಂಸ್ಥೆಗಳ ಕೆಲಸದ ಮೇಲೆಯೋ ಹೊರದೇಶಕ್ಕೆ ನಿಯಮಿತರಾದ ಪೌರರ ಪತ್ನಿಯರಿಗೆ ಬೇಗನೆ ಪೌರತ್ವವನ್ನೇ ಕೊಡುವ ವಿಧಿಯೂ ಅದರಲ್ಲಿದೆ. ಗಂಡನೊಡನೆ ಹೊರಗಿರುವೆನು, ಆ ಕೆಲಸ ಮುಗಿದ ಮೇಲೆ ಹಿಂದಿರುಗುವೆನು ಎಂಬ ನಿಶ್ಚಯವನ್ನು ಮಾತ್ರ ಅದು ಕೇಳುತ್ತದೆ. ಇತರರ ವಿಷಯದಲ್ಲಿಯೂ ಎರಡು ಕಾಗದಗಳ ಭೇದವನ್ನು ಗಮನಿಸಿದರೆ ದಾರಿ ಕಾಣುತ್ತದೆ. ಐ-130ರಲ್ಲಿ ಹೇಳಬೇಕಾದ ಮುಖ್ಯವಾದ ಮಾತು, ಈಕೆ ತನ್ನ ಪತ್ನಿಯೆಂಬುದು. ಕಡಲಿನ ಈಚೆ ಇದ್ದರೂ ಆಚೆ ಇದ್ದರೂ ಅದು ನಿಜವಾದ್ದರಿಂದ ಬೆಂಗಳೂರಿನಲ್ಲಿ ಕುಳಿತೇ ಅದನ್ನು ಹೇಳಬಹುದು. ವಾಸದ ನಿಶ್ಚಯವನ್ನು ಆ ಕಾಗದವು ಕೇಳುವುದಿಲ್ಲ. ಅದು ಮಂಜೂರಾಗಿ ವೀಸಾ ಕೇಂದ್ರಕ್ಕೆ ಹೋದ ಮೇಲೆಯೂ, ವರ್ಷಕ್ಕೊಮ್ಮೆಯಾದರೂ ವಿಚಾರಿಸುತ್ತ ವಿಷಯವನ್ನು ಜೀವಂತವಾಗಿ ಇರಿಸಿಕೊಳ್ಳುವುದು ಸಾಧ್ಯ. ಸುಮ್ಮನೆ ಬಿಟ್ಟರೆ ಅದು ರದ್ದಾದೀತು. ಐ-864ಕ್ಕೆ ರುಜು ಬೀಳುವುದು ಹೊರಡುವ ತಿಂಗಳು ಗೊತ್ತಾದ ಮೇಲೆ ಇರಲಿ. ತಡವಾದುದಕ್ಕೆ ಒಂದು ಲಾಭವೂ ಉಂಟು. ಅಷ್ಟರಲ್ಲಿ ಮದುವೆಗೆ ಎರಡು ವರ್ಷ ತುಂಬಿದ್ದರೆ 1986ರ ಶಾಸನದ ಷರತ್ತೂ ಎರಡನೆಯ ಪರೀಕ್ಷೆಯೂ ಅವರಿಗೆ ತಗಲುವುದಿಲ್ಲ.

ಹೊರಡುವ ತಿಂಗಳು ಗೊತ್ತಾಗಬೇಕಾದರೆ ಕೆಲವು ಪ್ರಶ್ನೆಗಳು ಮನೆಯಲ್ಲಿ ಬಾಯಿಬಿಟ್ಟು ಏಳಬೇಕು. ತಾಯಿಯೂ ಬರುವರೇ? ಬಾರದಿದ್ದರೆ ಆಕೆಯೊಡನೆ ಯಾರು? ತಂದೆಯ ವರ್ಷಾಬ್ದಿಕವನ್ನು ಎಲ್ಲಿ, ಯಾವ ತೀರವನ್ನು ಹೇಳಿ ಮಾಡುವುದು? ಇವುಗಳನ್ನು ಎತ್ತುವುದು ಗಂಡಸರಿಗೆ ಯಾವಾಗಲೂ ಕಷ್ಟ. ನಮೂನೆಯು ಊಟದ ಮೇಜಿನ ಮೇಲೆ ಬಹಳ ದಿನ ಬಿದ್ದಿದ್ದರೆ, ಒಂದು ಸಂಜೆ ಬಡಿಸುವಾಗ ಹೆಂಡತಿಯೇ ಕೇಳುವುದುಂಟು: “ಇದನ್ನು ಅತ್ತೆಯವರಿಗೆ ಹೇಳಿದಿರಾ?”